ಮೂವರಿಗೊಂದು ಕಲ್ಲು

ಬೇಸಿಗೆ ಬಂತೆಂದರೆ ನನ್ನ ಅಕ್ಕನಿಗೆ ಗುಡ್ಡದ ಹುಚ್ಚು ಹಿಡಿಯುತ್ತಿತ್ತು. ಅವಳಿದ್ದದ್ದು ಶಹಾಪುರದಲ್ಲಿ, ನಾನು ರಂಗಂಪೇಟೆಯಲ್ಲಿ. ದಿನಾ ಮಧ್ಯಾಹ್ನ ಫೋನು. ಒಂದು ದಿನ ಬುದ್ಧ ಮಲಗಿದ ಗುಡ್ಡ, ಇನ್ನೊಂದು ದಿನ ಶಿರವಾಳದ ಗುಡಿಗಳು, ಕೊನೆಗೆ ಯಾದಗಿರಿಯ ಕೋಟೆಗುಡ್ಡ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಹಾಗೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಎಲ್ಲ ಬರೆದಿಟ್ಟಿದ್ದಳು: ಯಾವ ಬಸ್ಸು, ಎಷ್ಟು ಖಡಕ್ ರೊಟ್ಟಿ, ನೀರು ಯಾರು ಹೊರಬೇಕು. ನೀರು ಹೊರುವವಳು ಯಾವಾಗಲೂ ನಾನೇ.

ಕೋಟೆಗುಡ್ಡ ಅವಳಿಗೆ ಬರೀ ತಿರುಗಾಟವಾಗಿರಲಿಲ್ಲ. ನಮ್ಮ ತವರು ಯಾದಗಿರಿ. ಆ ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದರೂ ನಾವಿಬ್ಬರೂ ಒಂದು ಸಲವೂ ಮೇಲೆ ಹತ್ತಿರಲಿಲ್ಲ. "ಹೆಣ್ಮಕ್ಕಳಿಗೆ ಗುಡ್ಡದಾಗ ಏನ್ ಕೆಲಸ?" ಎನ್ನುತ್ತಿದ್ದ ಅಪ್ಪ. ನಮ್ಮ ಮದುವೆಯಾಯಿತು, ಅಪ್ಪ ಹೋದ, ಮನೆ ಮಾರಿದೆವು. ಕೊಂಡವರು ಮನೆ ಕೆಡವಿ ಹೊಸದು ಕಟ್ಟಿದರು. ಅಂಗಳದ ಬೇವಿನ ಮರ ಮಾತ್ರ ಉಳಿಸಿದರು. ಗುಡ್ಡದ ಮೇಲಿಂದ ಆ ಮರ ಕಾಣುತ್ತದೋ ಇಲ್ಲವೋ ಒಮ್ಮೆ ನೋಡಬೇಕು ಎಂಬುದು ಅಕ್ಕನ ಆಸೆ.

ಹೋದ ವರ್ಷ ಎಲ್ಲ ಕೂಡಿಬಂತು. ಅಕ್ಕ, ಅವಳ ಗಂಡ, ನಾನು, ನಮ್ಮನೆಯವರು, ಒಟ್ಟು ನಾಲ್ವರು. ಅಕ್ಕನ ಗಂಡನಿಗೆ ನಾನು ಮಾಮ ಎನ್ನುತ್ತೇನೆ. ಹಿಂದಿನ ದಿನವೇ ನಾನೊಬ್ಬಳೇ ಶಹಾಪುರಕ್ಕೆ ಹೋಗಿ ಉಳಿದೆ, ನಮ್ಮನೆಯವರು ಬೆಳಗ್ಗೆ ಬರುವುದಿತ್ತು. ಅಕ್ಕ, ನಾನು ಇಬ್ಬರೂ ಕೂತು ರೊಟ್ಟಿ ಬಡಿದೆವು, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದೆವು. ಬೆಳಗ್ಗೆ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮನೆಯವರ ಫೋನು: "ಅಂಗಡಿಗೆ ಮಾಲ್ ಬಂದದ, ನನಗ ಬರಾಕ ಆಗಂಗಿಲ್ಲ. ನೀವ್ ಮೂರ್ ಮಂದಿ ಹೋಗ್ರಿ."

ಮೂರು ಮಂದಿಯಂತೆ! ನಮ್ಮ ಕಡೆ ಮೂವರು ಕೂಡಿ ಹೊಸ್ತಿಲು ದಾಟುವುದಿಲ್ಲ, ಹೋದ ಕೆಲಸ ಕೆಡುತ್ತದೆ. ದಾಟಲೇಬೇಕಾದರೆ ಒಂದು ಕಲ್ಲನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅದು ನಾಲ್ಕನೆಯವರ ಬದಲಿಗೆ. ಅಕ್ಕ ಆಗಲೇ ಅಂಗಳಕ್ಕಿಳಿದು ನಿಂಬೆಹಣ್ಣಿನಷ್ಟು ದೊಡ್ಡ ಕರಿಕಲ್ಲೊಂದನ್ನು ಆರಿಸಿ, ತೊಳೆದುಕೊಂಡು ಬಂದಿದ್ದಳು.

"ತಗೋ, ನಾಕ್ ಮಂದಿ ಆದ್ವಿ. ನಡಿ."

"ಕಲ್ಲಿಗೆ ಕಾಲದಾವೇನಕ್ಕಾ? ಅದೇನ್ ನೀರ್ ಹೊರತದೇನು? ನಾ ಒಲ್ಲೆ. ನಾಳೆ ಏನರ ಕೆಟ್ಟದ್ದಾದ್ರ ಯಾರ್ ಹೊಣಿ?"

"ಇವತ್ತೊಂದಿನ ನಡಿಯವ್ವಾ. ನೀ ಇಲ್ಲದ ನಾ ಹತ್ತಂಗಿಲ್ಲ. ಸಿಟ್ಟ್ ಮಾಡಬ್ಯಾಡ."

"ಗುಡ್ಡ ಎಲ್ಲೆರ ಓಡಿ ಹೋಗ್ತದೇನು? ಮುಂದಿನ ವರ್ಷ ಹೋದ್ರಾತು."

ನಿಜ ಹೇಳುತ್ತೇನೆ, ನನಗೆ ಮೂರರ ಭಯವೇನೂ ಇರಲಿಲ್ಲ. ನಮ್ಮನೆಯವರು ಮಾತು ತಪ್ಪಿದ ಸಿಟ್ಟು. ಅವರು ಕೈಗೆ ಸಿಗಲಿಲ್ಲ, ಅಕ್ಕ ಸಿಕ್ಕಳು. ಹಾಳಾದ್ದು ನನ್ನ ಬಾಯಿ! ಅಕ್ಕ ಮತ್ತೆ ಒತ್ತಾಯ ಮಾಡಲಿಲ್ಲ. ಗುಡ್ಡದ ಮೇಲೆ ಬಿಚ್ಚಬೇಕಾದ ಬುತ್ತಿಯನ್ನು ಅಡುಗೆಮನೆಯಲ್ಲೇ ಬಿಚ್ಚಿ ಬಡಿಸಿದಳು. ನಾನು ಹೊಟ್ಟೆ ತುಂಬ ಉಂಡೆ, ಹಿಂಡಿಗೆ ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದೆ.

ಅದೇ ವರ್ಷ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಎದೆನೋವು ಎಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ದಿನಕರ್ಮ ಮುಗಿದ ಮೇಲೆ ಮಾಮ ಅದೇ ಬುತ್ತಿಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಕ್ಯಾಲೆಂಡರ್ ಹಾಳೆ, ಅದರ ಕೆಳಗೆ ಆ ಕಲ್ಲು.

"ಆಕಿ ಎದಿ ಮೊದಲೇ ಸೋತಿತ್ತು," ಎಂದರು. "ಈ ಬೇಸಿಗ್ಯಾಗ ಆದ್ರ ಕುಂತು ಎದ್ದು ನಿಧಾನ ಹತ್ತಬಹುದು, ಮುಂದಿನದು ಹೇಳಾಕ ಬರಂಗಿಲ್ಲ ಅಂದಿದ್ರು ಡಾಕ್ಟ್ರು."

"ನನಗ್ಯಾಕ ಹೇಳಲಿಲ್ಲ ಮಾಮಾ?"

"ಬ್ಯಾಡ ಅಂದಿದ್ಳು. ಗೊತ್ತಾದ್ರ ತಂಗಿ ಹತ್ತಾಕ ಬಿಡಂಗಿಲ್ಲ ಅಂತ."

ಯವ್ವಾ ನನ್ನವ್ವಾ! ಗೊತ್ತಾಗದೆಯೂ ನಾನು ಬಿಡಲಿಲ್ಲವಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಕ್ಕಿದ್ದೆನೋ.

ಈ ಬೇಸಿಗೆಯಲ್ಲಿ ಕೋಟೆಗುಡ್ಡಕ್ಕೆ ಹೋದೆವು. ಮಾಮ, ನಾನು, ನಮ್ಮನೆಯವರು. ಯಾರೂ ಕೇಳದಿದ್ದರೂ ನಮ್ಮನೆಯವರು ಅಂಗಡಿಗೆ ಬೀಗ ಹಾಕಿ ಬಂದಿದ್ದರು. ಹಾಳೆಯಲ್ಲಿ ಬರೆದಿದ್ದ ಬಸ್ಸನ್ನೇ ಹಿಡಿದೆವು. ನೀರು ನಾನು ಹೊತ್ತೆ, ಕಲ್ಲಿದ್ದ ಚೀಲ ಮಾಮನ ಹೆಗಲಲ್ಲಿತ್ತು. ಮೆಟ್ಟಿಲು ನಾನು ಹೆದರಿದ್ದಷ್ಟು ಕಷ್ಟವಿರಲಿಲ್ಲ. ಅಲ್ಲಲ್ಲಿ ನೆರಳಿತ್ತು, ಕೂರಲು ಕಟ್ಟೆಯಿತ್ತು. ಪ್ರತಿ ಕಟ್ಟೆ ಕಂಡಾಗಲೂ ಇಲ್ಲಿ ಅಕ್ಕ ಕೂರಬಹುದಿತ್ತು, ಇಲ್ಲಿ ನೀರು ಕುಡಿಯಬಹುದಿತ್ತು ಎಂದು ಅಳುತ್ತಲೇ ಹತ್ತಿದೆ.

ಮೇಲೆ ಹೋಗಿ ನಿಂತರೆ ಒಂದು ಕಡೆ ಬತ್ತಿದ ಭೀಮೆ, ಕೆಳಗೆ ಊರು. ಬೇವಿನ ಮರ ಹುಡುಕುವ ಕೆಲಸವೇ ಬೀಳಲಿಲ್ಲ. ತಗಡುಗಳ ನಡುವೆ ಹಸಿರಾಗಿ ಕಣ್ಣೆದುರೇ ಇತ್ತು. ಬುಡದಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು, ಅದೂ ಕಾಣುತ್ತಿತ್ತು.

ಕಲ್ಲು ತೆಗೆದು, ಮರ ಕಾಣುವ ಕಡೆ ಗೋಡೆಯ ಸಂದಿನಲ್ಲಿಟ್ಟೆ. ಮಾಮ ಒಂದಿಷ್ಟು ನೀರು ಹನಿಸಿದರು.

ಇಳಿಯುವಾಗ ನಮ್ಮನೆಯವರು ನಮ್ಮನ್ನು ಎಣಿಸಿದಂತೆ ನೋಡಿ, ಇನ್ನೊಂದು ಕಲ್ಲಿಗೆ ಬಗ್ಗಿದರು.

"ಬ್ಯಾಡ್ರಿ," ಎಂದೆ. "ಕೆಡೋದು ಕೆಟ್ಟಾಗ್ಯದ. ಮೂರೇ ಮಂದಿ ಹೋಗೋಣು ನಡೀರಿ."