ಗಾದಿಯ ಬಾಯಿ ಹೊಲಿಯುವವಳು

ಮೈಲಪ್ಪನವರ ಮನೆಯಲ್ಲಿ ಏನು ನಡೆಯಿತು ಎಂದು ಕೇಳುವ ಮೊದಲೇ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಮಾತು: "ನಡುವೆ ಮಾತಾಡಿದಾಕಿ ಯಾರು? ದಾವಲ್ ಬೀನಾ?"

ಕೊಟ್ಟೂರಿನಲ್ಲಿ ದಾವಲ್ ಬೀ ಗಾದಿ ಹೊಲಿಯದ ಮನೆ ಕಡಿಮೆ. ಗಂಡ ರಹಿಮಾನ್ ಹತ್ತಿ ಹಿಂಜಿ ಕೊಟ್ಟರೆ ಅವಳು ಮದುವೆ ಮನೆಗಳಿಗೆ ಹೋಗಿ ಕೂತು ಹೊಲಿಯುತ್ತಿದ್ದಳು. ಬಯಲಲ್ಲಿ ಗಾಳಿಗೆ ಹತ್ತಿ ಹಾರುತ್ತದೆಂದು ಪಡಸಾಲೆಯ ಮೂಲೆಯೇ ಅವಳ ಜಾಗ. ಅತ್ತೆ ಸೊಸೆಯರ ಮುನಿಸು, ಸಂಬಂಧದ ಮಾತು, ಮನೆಯ ಗುಟ್ಟು, ಎಲ್ಲವೂ ಅವಳ ಬಾಗಿದ ತಲೆಯ ಮೇಲೆಯೇ ಹಾದುಹೋಗುತ್ತಿದ್ದವು. ಹತ್ತಿ ತುಂಬಲು ಗಾದಿಯಲ್ಲಿ ಬಿಟ್ಟ ಸಂದಿಗೆ ಅವಳು ಬಾಯಿ ಎನ್ನುತ್ತಿದ್ದಳು. ಅದನ್ನು ಹೊಲಿಯುವುದು ಕೊನೆಯ ಕೆಲಸ. ಯಾರಾದರೂ "ನೀನರ ಹೇಳಬೇ" ಎಂದು ಎಳೆದರೆ, "ನಾ ಗಾದಿ ಬಾಯಿ ಹೊಲಿಯಾಕ ಬಂದಾಕಿ. ನನ್ನ ಬಾಯಿ ಮನ್ಯಾಗ ಹೊಲ್ಕೊಂಡ ಬಂದೀನಿ" ಎಂದು ನಗುತ್ತಿದ್ದಳು.

ಕಿವಿಯನ್ನು ಮಾತ್ರ ಹೊಲಿದುಕೊಂಡಿರಲಿಲ್ಲ. ನಡುವೆ ಮಾತಾಡುವವರೆಲ್ಲ ಅವಳಿಗೆ ಒಂದೇ ಅಲ್ಲ. ಕೇಳದಿದ್ದರೂ ಹೇಳುವವರು ಬಾಯಿ ಹಾಕುವವರು. ಅವರದು ಬರೀ ಚಪಲ. ಹೂಂ ಹೂಂ ಎನ್ನುತ್ತ ದನಿಗೂಡಿಸುವವರಿದ್ದರೆ ಮಾತು ಬೆಳೆಯುತ್ತದೆ. ಮಾತು ಕಡಿಯುವವರನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ಗಂಟು ಹಾಕೂ ಮೊದ್ಲ ದಾರ ಕಡಿದ್ರ ಹೊಲಿಗಿನ ಬಿಚ್ಚಿಹೋಗತೈತಿ" ಎನ್ನುತ್ತಿದ್ದಳು.

ಅದು ತೊಂಬತ್ತೆಂಟರ ಬೇಸಿಗೆ. ಮೈಲಪ್ಪನವರ ಮಗಳು ಶಿವಲೀಲಾಳನ್ನು ಹಡಗಲಿ ಕಡೆಯ, ಹೊಸಪೇಟೆಯಲ್ಲಿ ಕೆಲಸಕ್ಕಿದ್ದ ಮೈಲಾರೇಶ್ ನೋಡಿ ಹೋಗಿದ್ದ. ಒಪ್ಪಿಗೆಯೂ ಆಗಿತ್ತು. ಆ ದಿನ ಅವನು ಸೋದರಮಾವನ ಜೊತೆ ಬಂದದ್ದು ಮದುವೆಯ ತೇದಿ ಗೊತ್ತು ಮಾಡಲು. ತಾಯಿ ಕಲ್ಯಾಣಮ್ಮ ಹಿಗ್ಗಿನಲ್ಲಿ ಆಗಲೇ ಗಾದಿಗೆ ಹೇಳಿಬಿಟ್ಟಿದ್ದಳು. ಜಮಖಾನದ ಮೇಲೆ ಗಂಡಸರು, ಮೂಲೆಯಲ್ಲಿ ಹತ್ತಿಯ ರಾಶಿಯ ಹಿಂದೆ ದಾವಲ್ ಬೀ.

"ಹೊಸಪೇಟ್ಯಾಗ ಒಬ್ಬನ ಇರ್ತಿಯೇನಪಾ?" ಎಂದು ಮೈಲಪ್ಪ ಕೇಳಿದರು.

"ಇಲ್ರಿ, ನಾ ಅಲ್ಲಿ..." ಎಂದ ಹುಡುಗ.

"ಗೆಳೆಯರ ಜೋಡಿ ಅದಾನ್ರಿ!" ಎಂದ ಮಾವ. ಎಲ್ಲರೂ ನಕ್ಕರು.

"ಮದುವಿ ಆದಮ್ಯಾಲೆ ಹುಡುಗೀನ ಅಲ್ಲೇ ಕರ್ಕೊಂಡು ಹೋಗ್ತಿ ಹೌದಿಲ್ಲೋ?"

"ಅದನ್ನ ಹೇಳಬೇಕಂತ ಮಾಡೀನ್ರಿ. ಅಲ್ಲಿ ಈಗಾಗ್ಲೆ..."

"ಈಗಾಗ್ಲೆ ಮನಿ ನೋಡಿ ಇಟ್ಟಾನ್ರಿ! ಭಾಳ ಚುರುಕದಾನ ನಮ್ಮ ಹುಡುಗ."

ದಾವಲ್ ಬೀಯ ಸೂಜಿ ನಿಂತಿತು.

"ಮಾವ, ನಂದೊಂದು ಮಾತು..."

"ಸುಮ್ಕಿರಲೇ! ಹಿರೇರು ಮಾತಾಡುವಾಗ ನಡುವೆ ಬಾಯಿ ಹಾಕ್ತಿ, ಬುದ್ಧಿ ಇಲ್ಲ?"

"ಮದುವಿ ಅವಂದ ಐತ್ರಿ." ದನಿ ಎಲ್ಲಿಂದ ಬಂತೆಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಹತ್ತಿಯ ರಾಶಿಯ ಹಿಂದೆ ದಾವಲ್ ಬೀ ತಲೆ ಎತ್ತಿದ್ದಳು. "ತನ್ನ ಮದುವಿ ಮಾತಾಗ ಅವ ಮಾತಾಡಿದ್ರ ಬಾಯಿ ಹಾಕಿದಂಗ ಆಕ್ಕೈತೇನ್ರಿ? ಆಗಿಂದ ಕಡೀತಿದೀರಿ. ಹುಡುಗ ಮಾತು ಮುಗಸ್ಲಿ ಬಿಡ್ರಿ."

ಮಾವನ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಆ ಒಂದು ಗಳಿಗೆಯೇ ಹುಡುಗನಿಗೆ ಸಾಕಾಯಿತು.

"ನನ್ನ ಮದುವಿ ಆಗೈತ್ರಿ," ಎಂದ, ಜಮಖಾನ ನೋಡುತ್ತ. "ಹೊಸಪೇಟ್ಯಾಗ ಹೆಂಡ್ತಿ ಅದಾಳ. ಕೂಸು ಐತಿ. ಮಾವಗ ಗೊತ್ತೈತಿ, ಒಪ್ಪವಲ್ಲ."

ಮಂಡಕ್ಕಿ ತರುತ್ತಿದ್ದ ಕಲ್ಯಾಣಮ್ಮನ ಕೈಯಿಂದ ತಾಟು ಬಿತ್ತು. ಮಂಡಕ್ಕಿ ಚೆಲ್ಲಾಡಿ ಹತ್ತಿಯಲ್ಲಿ ಸೇರಿತು. ಬಿಳಿಯ ಮೇಲೆ ಬಿಳಿ. ಮೈಲಪ್ಪ ಎತ್ತಿದ ನೀರಿನ ತಂಬಿಗೆಯನ್ನು ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಒಳಕೋಣೆಯಲ್ಲಿ ಶಿವಲೀಲಾಳ ಬಳೆಯ ಸದ್ದು ಒಮ್ಮೆಲೇ ನಿಂತುಹೋಯಿತು.

ಮಾವ ಎದ್ದು ಚಪ್ಪಲಿ ಹುಡುಕಿದ. "ಗಾದಿ ಹೊಲಿಯಾಕಿ ಮಾತಿಗೆ ಸಂಬಂಧ ಮುರಕೊಂತೀರೇನು?" ಎಂದ. ಹುಡುಗ ಮೈಲಪ್ಪನವರ ಕಾಲಿಗೆ ಬಿದ್ದು, ಮಾವನಿಗಿಂತ ಮೊದಲೇ ಹೊರಗೆ ನಡೆದಿದ್ದ.

ಅವರು ಹೋದ ಮೇಲೆ ಕಲ್ಯಾಣಮ್ಮನಿಗೆ ಮಾತು ಬಂತು. ಸಿಟ್ಟೆಲ್ಲ ಮೂಲೆಯ ಕಡೆ ತಿರುಗಿತು. "ನಿನಗ್ಯಾಕ ಬೇಕಿತ್ತಬೇ ಅಡ್ಡ ಬಾಯಿ? ಓಣಿ ತುಂಬ ಮಾನ ಹೋಗೂ ಹಂಗಾತು!"

"ಅಡ್ಡ ಬಾಯಿ ಹಾಕ್ಲಿಲ್ಲಬೇ ಯವ್ವಾ," ಎಂದಳು ದಾವಲ್ ಬೀ. "ಮಾತು ಕಡಿಯೋರಿಗೆ ಅಡ್ಡ ಬಂದೆ."

"ಎರಡೂ ಒಂದ!"

"ಅಲ್ಲ," ಎಂದರು ಮೈಲಪ್ಪ. ತಂಬಿಗೆ ಇನ್ನೂ ಕೈಯಲ್ಲೇ ಇತ್ತು. "ಒಂದಲ್ಲ ಕಲ್ಯಾಣಿ. ಆಕಿ ಅಡ್ಡ ಬರದಿದ್ರ ಇವತ್ತ ತೇದಿ ಬರಸ್ತಿದ್ದೆ."

ಕಲ್ಯಾಣಮ್ಮ ಮಂಡಕ್ಕಿಯ ನಡುವೆಯೇ ಕುಸಿದು ಕೂತಳು.

ದಾವಲ್ ಬೀ ಮತ್ತೆ ಸೂಜಿ ಹಿಡಿದಳು. ಗಾದಿಯ ಬಾಯಿ ಇನ್ನೂ ತೆರೆದಿತ್ತು. ಎಷ್ಟು ಸಲ ನೋಡಿದರೂ ಹೊಸ ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದಾಯಿತು. ಆಗ ಒಳಕೋಣೆಯಿಂದ ಶಿವಲೀಲಾ ಬಂದಳು. ಅತ್ತಿರಲಿಲ್ಲ. ಎದುರಿಗೆ ಕೂತು ಸೂಜಿ ಇಸಿದುಕೊಂಡು ದಾರ ಪೋಣಿಸಿದಳು.

"ನಿನಗ ಮೊದ್ಲ ಗೊತ್ತಿತ್ತೇನ ದಾವಲಮ್ಮ?"

"ಅಲ್ಲಾನ ಆಣಿಗೂ ಇಲ್ಲ ಬೇಟಾ. ಕೆಲಸ ಗಿಲಸ ಹೋಗೈತೇನೋ, ಅದನ್ನ ಮುಚ್ಚಾಕ ಹತ್ಯಾರ ಅಂದ್ಕೊಂಡಿದ್ದೆ. ನೋಡಿದ್ರ ಹೆಂಡ್ತಿ, ಒಂದು ಕೂಸು..."

ಮಾತು ಅಲ್ಲಿಗೇ ನಿಂತಿತು. ಈ ಸಲ ಯಾರೂ ಕಡಿದಿರಲಿಲ್ಲ.