ಕಾರ್ ಪಾರ್ಕಿನಲ್ಲಿ ಕುಬಸ

ಮೆಲ್ಬರ್ನ್ ಅಂಚಿನ ಕ್ರಾನ್‌ಬರ್ನ್‌ನ ನಮ್ಮ ಮನೆಗೆ ಮೊದಲ ಸಲ ಬಂದವರ ಕೈಗೆ ನನ್ನ ಗಂಡ ಕಾಫಿಗಿಂತ ಮುಂಚೆ ಆಲ್ಬಮ್ ಕೊಡುತ್ತಾನೆ. ಅದರಲ್ಲಿ ನಾನು ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಹಾಕಿಕೊಂಡು, ಏಳು ತಿಂಗಳ ಹೊಟ್ಟೆ ಹೊತ್ತು ಮಣೆಯ ಮೇಲೆ ಕುಳಿತಿದ್ದೇನೆ. ಹಿಂದೆ ಯಾರದೋ ಬಿಳಿ ವ್ಯಾನು, ಅದರಾಚೆ ಕಸದ ಬಿನ್ನುಗಳ ಸಾಲು. ಬಂದವರು ಕನಿಕರದಿಂದ, "ಪಾಪ, ಹಾಲ್ ಬುಕ್ ಆಗ್ಲಿಲ್ವಾ?" ಎನ್ನುತ್ತಾರೆ. ಬುಕ್ ಆಗಿತ್ತು. ಏಸಿ ಇತ್ತು, ಸ್ಟೇಜ್ ಇತ್ತು, ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ತೊಡಿಸಿದ್ದರು. ನಮಗೆ ಬೇಡವಾಯಿತು, ಹೊರಗೆ ಬಂದೆವು. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಸೊಕ್ಕು ಇರುತ್ತದೆ ಎಂದು ಗಂಡ ಆಡಿಕೊಳ್ಳುತ್ತಾನೆ. ಇರಲಿ, ಸೊಕ್ಕೇ.

ಆಗ ನಾವು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ರೆಂಟ್‌ಗೆ ಇದ್ದೆವು. ಎರಡು ಸಾವಿರದ ದಶಕದ ನಡುವಿನ ಮಾತು. ಕೆಳಗಿನ ಯುನಿಟ್ಟಿನಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಆಸ್ಟ್ರೇಲಿಯನ್ ಹೆಂಗಸು ಒಬ್ಬರೇ ಇದ್ದರು, ನರ್ಸ್ ಕೆಲಸ ಬಿಟ್ಟವರು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ನನ್ನ ತಾಯಿ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಬಸುರಿಯ ವಾಂತಿ ಶುರುವಾದಾಗ ಬಕೆಟ್ ಹಿಡಿದು ನಿಂತವರು, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದವರು ಈ ಆಂಟಿ. ನಮ್ಮ ಧಾರವಾಡದ ಕಡೆ ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ಮೊದಲು ಉಡಿ ತುಂಬುವವರು ತವರುಮನೆಯವರು. ನನಗೆ ತವರು ಅಂದರೆ ಇವರೇ ಎಂದು ನಾನು ಗಟ್ಟಿಮಾಡಿಕೊಂಡೆ. ಮದುವೆಯಾಗದ ಹೆಂಗಸು ಮೊದಲ ಉಡಿ ತುಂಬಬಹುದೇ ಎಂದು ಗೆಳತಿಯರು ರಾಗ ಎಳೆದರು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ನನ್ನ ಅತ್ತೆ ಮಾತ್ರ, ಬಕೆಟ್ ಹಿಡಿಯಲು ನಿಮ್ಮಲ್ಲಿ ಯಾವ ಮುತ್ತೈದೆ ಬಂದಿದ್ದಳು ಎಂದು ಕೇಳಿ ಆ ಮಾತು ಮುಗಿಸಿದರು.

ಗಂಡ ಪ್ಯಾರಮಟ್ಟಾದ ಆಚೆ ಒಂದು ರಗ್ಬಿ ಕ್ಲಬ್ಬಿನ ಹಾಲ್ ಬುಕ್ ಮಾಡಿದ. ಕುಣಿಯುವ ಮನಸ್ಸಿನಿಂದ ಕೆಳಗಿಳಿದು ಆಂಟಿಗೆ ಹೇಳಿದೆ. ಕ್ಲಬ್ಬಿನ ಹೆಸರು ಕೇಳಿ ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಬೇರೆ ಎಲ್ಲಿ ಬೇಕಾದರೂ ಬರುತ್ತೇನೆ, ಅಲ್ಲಿಗೆ ಮಾತ್ರ ಕಾಲಿಡುವುದಿಲ್ಲ ಎಂದರು. ನನಗೆ ಅಳು ಬಂತು. ಆಗ ಅವರು ಕೂರಿಸಿಕೊಂಡು ಹೇಳಿದರು.

ಎಪ್ಪತ್ತೊಂದರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಆಸ್ಟ್ರೇಲಿಯಾಕ್ಕೆ ಬಂದಿತ್ತು. ವರ್ಣಭೇದದ ಕಾಲ. ಆ ದೇಶದಲ್ಲಿ ಕರಿಯರೇ ಹೆಚ್ಚು, ಆದರೆ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಇಲ್ಲಿನ ಕಾರ್ಮಿಕ ಸಂಘಗಳು ಅವರನ್ನು ವಿಮಾನಕ್ಕೆ ಹತ್ತಿಸಿಕೊಳ್ಳಲು ಒಪ್ಪದ್ದರಿಂದ ತಂಡ ಪುಟ್ಟ ಬಾಡಿಗೆ ವಿಮಾನಗಳಲ್ಲಿ ಓಡಾಡಿತು. ಮೈದಾನಗಳಿಗೆ ಮುಳ್ಳುತಂತಿ ಬಿಗಿದು ಆಟ ಆಡಿಸಿದರು. ಆಂಟಿ ಆಗ ಮೆಲ್ಬರ್ನ್‌ನಲ್ಲಿ ನರ್ಸಿಂಗ್ ಕಲಿಯುತ್ತಿದ್ದರು. ಗೆಳತಿಯರ ಜೊತೆ ಪೀಪಿ ಊದಿ ಆಟ ಕೆಡಿಸಲು ಹೋದವರು, ಪೊಲೀಸರ ಕುದುರೆಗಳು ನುಗ್ಗಿದಾಗ ಜನರ ಕಾಲಡಿ ಬಿದ್ದು ಎಡಭುಜ ಮುರಿದುಕೊಂಡರು. ಆ ತೋಳು ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಸಿಡ್ನಿಯ ಮನೆಗೆ ಬಂದರೆ ಅವರ ಅಪ್ಪ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದನಂತೆ. ಅದೇ ತಂಡಕ್ಕೆ ಅದೇ ಕ್ಲಬ್ಬಿನಲ್ಲಿ ಔತಣ, ಅಪ್ಪ ಅಲ್ಲಿನ ಮೆಂಬರ್. ಹೋಗಬೇಡ ಎಂದು ಮಗಳು ಬೇಡಿಕೊಂಡಳು. ಮಾಡಿದ್ದು ತಪ್ಪು ಅನ್ನು, ಇಲ್ಲವೇ ಮನೆ ಬಿಡು ಎಂದು ಅಪ್ಪ ಹೇಳಿದ. ಅವನು ಊಟಕ್ಕೆ ಹೋದ, ಇವರು ಮನೆ ಬಿಟ್ಟರು. ಆ ಔತಣದ ಫೋಟೋ ಆಗಲೂ ಸ್ಟೇಜಿನ ಪಕ್ಕ ತೂಗುತ್ತಿತ್ತು: ಮುಂದೆ ಕುಳಿತವರು ಆಟಗಾರರು, ಹಿಂದೆ ನಿಂತವರು ಕ್ಲಬ್ಬಿನವರು, ಅವರಲ್ಲಿ ಅಪ್ಪ. ಅವನು ಸತ್ತಾಗ ಎಲ್ಲರೂ ಸೇರಿದ್ದು ಆ ಹಾಲಿನಲ್ಲೇ. ಆಂಟಿ ಸ್ಮಶಾನದಿಂದ ನೇರ ಮನೆಗೆ ಬಂದಿದ್ದರು.

ನಾನು ಕ್ಲಬ್ಬಿನ ಮ್ಯಾನೇಜರನ್ನು ಹೋಗಿ ಕಂಡೆ. ಒಂದು ದಿನದ ಮಟ್ಟಿಗೆ ಆ ಫೋಟೋ ಇಳಿಸಿ ಎಂದೆ. ಅವನು ಬಹಳ ಮರ್ಯಾದಸ್ಥ. ಅದು ಕ್ಲಬ್ಬಿನ ಇತಿಹಾಸ, ಆಟ ಬೇರೆ ರಾಜಕೀಯ ಬೇರೆ, ಇಲ್ಲಿ ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ ಎಂದು ನಕ್ಕ. ಆ ಸಾಲಿನಲ್ಲಿ ನನ್ನ ಮೈಬಣ್ಣದವರು ಎಷ್ಟು ಜನ ಇದ್ದಾರೆ, ತೋರಿಸು ಎಂದೆ. ಅವನು ಫೋನ್ ಬಂತೆಂದು ಎದ್ದು ಹೋದ. ಬೇರೆ ಹಾಲ್‌ಗಳೆಲ್ಲ ತುಂಬಿದ್ದವು, ಜನರನ್ನು ಕರೆಯುವುದೂ ಮುಗಿದಿತ್ತು. ಕೊನೆಗೆ ಗಂಡ, ಮುಂಜಾನೆಯೇ ಹೋಗಿ ಅದರ ಮೇಲೆ ಒಂದು ರೇಷ್ಮೆ ಸೀರೆ ಇಳಿಬಿಡುತ್ತೇನೆ ಎಂದ. ಮುಚ್ಚುವುದು ಇಳಿಸಿದಂತೆ ಅಲ್ಲ ಎಂದರು ಆಂಟಿ. ಆದರೂ ಹ್ಯಾರಿಸ್ ಪಾರ್ಕಿನ ಅಂಗಡಿಯಿಂದ ತಾವು ಉಡಲೆಂದು ಅವರೊಂದು ಹಸಿರು ಸೀರೆ ತಂದಿಟ್ಟುಕೊಂಡದ್ದು ನನಗೆ ಗೊತ್ತಿತ್ತು.

ಕುಬಸದ ದಿನ ಗಂಡ ಅತ್ತೆಯನ್ನು ಹಾಲಿನಲ್ಲಿ ಬಿಟ್ಟು, ಸೀರೆಯ ವಿಷಯ ಮರೆತು, ಅಡುಗೆ ತರಲು ಓಡಿದ. ಅತ್ತೆಗೆ ಈ ಕಥೆ ಯಾರೂ ಹೇಳಿರಲಿಲ್ಲ. ಸ್ಟೇಜಿನ ಪಕ್ಕದಲ್ಲಿ ಕೋಟು ತೊಟ್ಟ ಗಂಡಸರ ಕಪ್ಪು ಬಿಳುಪು ಫೋಟೋ ಕಂಡಿತು. ನಮ್ಮೂರಲ್ಲಿ ಯಾವ ಸಭಾಭವನಕ್ಕೆ ಹೋದರೂ ಆ ಜಾಗದಲ್ಲಿ ಇರುವವರು ಅದನ್ನು ಕಟ್ಟಿಸಿಕೊಟ್ಟು ತೀರಿಹೋದ ಪುಣ್ಯಾತ್ಮರು. ಶುಭಕಾರ್ಯದ ದಿನ ಹಿರಿಯರ ಪಟ ಬರಿದಾಗಿ ಇರಬಾರದೆಂದು ಅತ್ತೆ ಕುರ್ಚಿ ಹತ್ತಿ ಸೇವಂತಿಗೆ ಹಾರ ಹಾಕಿದರು, ಮುಂದಿನ ಸಾಲಿನ ಒಬ್ಬೊಬ್ಬ ಆಟಗಾರನ ಹಣೆಗೂ ಗಾಜಿನ ಮೇಲೆ ಕುಂಕುಮ ಇಟ್ಟರು. ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾಗಿ ಅದರ ಫೋಟೋ ಬೇರೆ ತೆಗೆದುಕೊಂಡನಂತೆ.

ನಾನು ಬಂದು ನೋಡಿ ಮೊದಲು ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಈ ಫೋಟೋದ ಸಲುವಾಗಿ ಆ ಅಕ್ಕಾರು ಬರಂಗಿಲ್ಲೇನು?"

"ಇಲ್ರಿ, ಬರಂಗಿಲ್ಲ."

"ಮತ್ತ ನಾವ್ಯಾಕ ಇಲ್ಲಿ ಅದೀವಿ? ತವರಮನಿಯವರು ಕಾಲಿಡದ ಜಾಗಾದಾಗ ಉಡಿ ತುಂಬಿಸ್ಕೋತೀ ಏನು?"

ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತೆ ಹೊರನಡೆದರು. ಅವರ ಹಿಂದೆ ನಾನು, ನನ್ನ ಹಿಂದೆ ಅಕ್ಕಿಯ ತಟ್ಟೆ ಹಿಡಿದ ಗೆಳತಿಯರು. ಅಷ್ಟರಲ್ಲಿ ಅಡುಗೆ ತಂದಿಳಿಸಿದ ಗಂಡ, ಜನ ಏನು ತಿಳಿದಾರು ಎಂದು ಗೊಣಗಿದ. ತಿಳಿದದ್ದು ತಿಳಿಯಲಿ, ನೀನು ಹೋಗಿ ಆಂಟಿಯನ್ನು ಕರೆದುಕೊಂಡು ಬಾ ಎಂದು ಅವನನ್ನು ಕಾರಿಗೆ ಅಟ್ಟಿದೆ. ರೇಷ್ಮೆ ಉಟ್ಟು ಬಂದವರೆಲ್ಲ ಬಿಸಿಲಲ್ಲಿ ಕಾರುಗಳ ನಡುವೆ ನಿಂತರು. ಒಬ್ಬ ಅಂಕಲ್ ಮಾತ್ರ ಸಿಟ್ಟಾಗಿ ಒಳಗೆ ಏಸಿಯಲ್ಲಿ ಕುಳಿತರು. ಹೋಳಿಗೆ ಹೊರಗೆ ಬಡಿಸುತ್ತಾರೆಂದು ಗೊತ್ತಾದ ಮೇಲೆ ಅವರೂ ಬಂದರು.

ಆಂಟಿ ಬಂದಾಗ ಆ ಹಸಿರು ಸೀರೆಗೆ ಎಲ್ಲೆಂದರಲ್ಲಿ ಪಿನ್ನು. ಅತ್ತೆ ಸೆರಗು ಸರಿಮಾಡಿ, ಬೊಗಸೆ ಹಿಡಿಯುವುದನ್ನು ಕೈಹಿಡಿದು ತೋರಿಸಿದರು. ಆಂಟಿ ಎರಡೂ ಕೈಯಿಂದ ಅಕ್ಕಿ ತುಂಬಿ ನನ್ನ ಉಡಿಗೆ ಹಾಕಿದರು. ಉಡಿ ತುಂಬಲು ಕೈಯನ್ನು ಭುಜದ ಮೇಲೆ ಎತ್ತಬೇಕಾಗಿಲ್ಲ. ನನಗೆ ಅಮ್ಮ ನೆನಪಾಗಿ ಎಲ್ಲರೆದುರು ಅತ್ತುಬಿಟ್ಟೆ.

ಅಷ್ಟರಲ್ಲಿ ಮ್ಯಾನೇಜರ್ ಕೆಂಪುಮುಖ ಮಾಡಿಕೊಂಡು ಹೊರಗೆ ಬಂದ. ಫೋಟೋಕ್ಕೆ ನಾವು ಹಾರ ಹಾಕುವುದು ಸತ್ತವರಿಗೆ ಎಂದು ಯಾರೋ ಅವನಿಗೆ ಹೇಳಿದ್ದರು. ಅದರಲ್ಲಿ ಬದುಕಿರುವವರೂ ಇದ್ದಾರೆ, ಶನಿವಾರ ಇಲ್ಲಿಗೇ ಬರುತ್ತಾರೆ, ಇದು ಅವಮಾನ, ಈಗಲೇ ತೆಗೆಯಿರಿ ಎಂದ. ಇಳಿಸು ಎಂದು ನಾನು ಕೇಳಿದಾಗ ನೀನು ಇಳಿಸಲಿಲ್ಲವಲ್ಲ, ಈಗ ನಾನು ಏಳುವುದಿಲ್ಲ ಎಂದು ಮಣೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕುಳಿತೆ.

ಆಂಟಿ ಎದ್ದು ಹಾಲಿನ ಬಾಗಿಲವರೆಗೆ ಹೋದರು. ಹೊಸ್ತಿಲಿನ ಈಚೆಯೇ ನಿಂತು ಬಹಳ ಹೊತ್ತು ಆ ಫೋಟೋವನ್ನು ನೋಡಿದರು. ಆ ಹಾರ ನಿಜವಾಗಿಯೂ ಸತ್ತವರಿಗೇನಾ ಎಂದು ಅಲ್ಲಿಂದಲೇ ನನ್ನನ್ನು ಕೇಳಿದರು. ಹೌದೆಂದೆ.

"ಹಾಗಾದರೆ ಇರಲಿ," ಎಂದು ಅವರು ಮ್ಯಾನೇಜರ್ ಕಡೆ ತಿರುಗಿದರು. "ಹಿಂದಿನ ಸಾಲಿನಲ್ಲಿ ನನ್ನ ಅಪ್ಪ ಇದ್ದಾನೆ. ಅವನು ಸತ್ತಿದ್ದಾನೆ. ಇಷ್ಟು ವರ್ಷ ಅವನಿಗೆ ನಾನೊಂದು ಹೂವೂ ಇಟ್ಟಿರಲಿಲ್ಲ. ಆ ಹಾರ ನಾನು ತೆಗೆಯಲ್ಲ. ಬದುಕಿರುವವರಿಗೆ ಅದು ಬೇಡವೆಂದರೆ, ನೀವು ಫೋಟೋನೇ ಕೆಳಗಿಳಿಸಿ."

ಮ್ಯಾನೇಜರ್ ಒಮ್ಮೆ ಗೋಡೆ ನೋಡಿದ, ಒಮ್ಮೆ ಅವರನ್ನು ನೋಡಿದ, ಆಮೇಲೆ ಏಣಿ ತರಲು ಹೋದ. ಅವನು ಇಳಿಸುವುದನ್ನು ನೋಡಲು ಆಂಟಿ ನಿಲ್ಲಲಿಲ್ಲ. ತಿರುಗಿ ಬಂದು ನನ್ನ ಪಕ್ಕದಲ್ಲಿ, ಆ ಬಿನ್ನುಗಳ ಮುಂದೆ ಕುಳಿತರು. ಅತ್ತೆ ಅವರ ತಟ್ಟೆಗೆ ಹೋಳಿಗೆ ಹಾಕಿ, ಬೇಕೋ ಬೇಡವೋ ಕೇಳದೆ ತುಪ್ಪ ಸುರಿದರು.