ಐವತ್ತು ದಾಟಿಸಿದ ರೊಟ್ಟಿ

ಕಾರ್ನಾ ಮನೆತನದ ಗಂಡಸರು ಐವತ್ತು ಮುಟ್ಟುವುದಿಲ್ಲ ಎಂಬುದು ಕಾಸ್ಕಿವಾರ ಹಳ್ಳಿಗೆಲ್ಲ ಗೊತ್ತಿದ್ದ ಸಂಗತಿ. ಅಜ್ಜ ನಲವತ್ತೆಂಟಕ್ಕೆ ಹೋದ. ಅಪ್ಪ ಹೆಯ್ಕಿ ನಲವತ್ತಾರಕ್ಕೆ, ಕಾಡಿನಲ್ಲಿ, ಗರಗಸದ ಹಿಡಿಯನ್ನೂ ಬಿಡದೆ. ಹಿರಿಮಗ ನಲವತ್ತಮೂರಕ್ಕೇ ಹೊರಟುಬಿಟ್ಟ. ಮೂವರದೂ ಎದೆಯ ಕಾಯಿಲೆ. ಪೂರ್ವ ಫಿನ್‌ಲೆಂಡಿನ ಆ ಸೀಮೆಯಲ್ಲಿ ಐವತ್ತನೇ ಹುಟ್ಟುಹಬ್ಬವೆಂದರೆ ಮದುವೆಗಿಂತ ಒಂದು ಕೈ ಹೆಚ್ಚು. ಕರೆಯದಿದ್ದರೂ ಊರೆಲ್ಲ ಬಂದು, ಕೈಕುಲುಕಿ, ಕಾಫಿ ಕುಡಿದು ಹೋಗುತ್ತದೆ. ಕಾರ್ನಾ ಮನೆಯ ದೊಡ್ಡ ಕಾಫಿ ಪಾತ್ರೆ ಮದುವೆಗಳಿಗೆ ಒಲೆಯೇರಿತ್ತು, ಸಾವುಗಳಿಗೂ ಏರಿತ್ತು. ಗಂಡಸೊಬ್ಬನ ಐವತ್ತಕ್ಕೆಂದು ಮಾತ್ರ ಒಮ್ಮೆಯೂ ಏರಿರಲಿಲ್ಲ.

ಉಳಿದಿದ್ದವನು ಕಿರಿಮಗ ಆರ್ವಿ ಒಬ್ಬನೇ. ೧೯೭೨ರ ಬೇಸಿಗೆಯಲ್ಲಿ, ನಲವತ್ತನಾಲ್ಕು ತುಂಬುವ ಮೊದಲೇ, ಹುಲ್ಲು ಒಟ್ಟುತ್ತಿದ್ದವನು ಎದೆ ಹಿಡಿದುಕೊಂಡು ಗದ್ದೆಯಲ್ಲೇ ಕೂತ. ಮೂರು ವಾರ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಅವನ ಹಿಂದೆಯೇ ಸೈಕಲ್ಲಿನಲ್ಲಿ ಊರಿನ ಆರೋಗ್ಯ ಸಿಸ್ಟರ್ ಬಂದಳು. ಉಪ್ಪು ಅರ್ಧಕ್ಕಿಂತ ಕಡಿಮೆಯಾಗಬೇಕು, ಬೆಣ್ಣೆ ಹೋಗಬೇಕು. ರೈ, ಬಾರ್ಲಿ, ಓಟ್ಸ್‌ನಂಥ ಧಾನ್ಯ ದಿನಾ ಹೊಟ್ಟೆ ತುಂಬ ತಿನ್ನಲಿ. ಮೀನು, ಗೆಡ್ಡೆ, ಕಾಡಿನ ಹಣ್ಣು ಬೇಕಾದಷ್ಟಿರಲಿ ಎಂದಳು.

"ಸಿಸ್ಟರ್, ನಮ್ಮನೇಲಿ ಎಂಟು ಹಸು ಇದಾವೆ," ಎಂದ ಆರ್ವಿ. "ಬೆಣ್ಣೆ ತಿನ್ಬಾರ್ದು ಅಂದ್ರೆ ಅವುಗಳ ಮುಖ ಹೇಗೆ ನೋಡ್ಲಿ?"

"ನೀನು ಸತ್ರೆ ಅವುಗಳ ಮುಖ ನೋಡೋಕೆ ಆಗುತ್ತಾ?" ಎಂದಳು ಅವನ ಹೆಂಡತಿ ಸೈಮಿ. ಅಂದಿನಿಂದ ಬೆಣ್ಣೆಯ ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು.

ಸೈಮಿ ಗಿಡ್ಡಗಿನ, ಗಟ್ಟಿಮುಟ್ಟಾದ ಹೆಂಗಸು. ಹಿಡಿದ ಹಟ ಬಿಟ್ಟವಳೇ ಅಲ್ಲ. ಆ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ಲೋವಿಸಾ ಅವಳ ಕೈಗೆ ಬೀಗದ ಕೈಗಿಂತ ಮೊದಲು ಕೊಟ್ಟದ್ದು ಹಿಟ್ಟಿನ ಬಾನಿಯನ್ನು. ಮರದ ಬಾನಿ ಅದು. ಅದನ್ನು ಯಾರೂ ತೊಳೆಯುವಂತಿಲ್ಲ. ಹಳೇ ಹಿಟ್ಟಿನ ಹೆಪ್ಪು ಅದರ ಹಲಗೆಯಲ್ಲೇ ಒಣಗಿ ಕೂತಿರುತ್ತದೆ, ಬೆಚ್ಚಗಿನ ನೀರು, ರೈ ಹಿಟ್ಟು ಬಿದ್ದೊಡನೆ ಎದ್ದು ಹುಳಿ ಬರಿಸುತ್ತದೆ. ಬುಧವಾರ ಸಂಜೆ ಹೆಪ್ಪು ಎಬ್ಬಿಸಿದರೆ ಶುಕ್ರವಾರ ಬೆಳಿಗ್ಗೆ ಉಪ್ಪು ಹಾಕಿ ನಾದುವುದು, ಆಮೇಲೆ ದೊಡ್ಡ ಒಲೆಯಲ್ಲಿ ವಾರಕ್ಕಾಗುವಷ್ಟು ದಪ್ಪ ದಪ್ಪ ದುಂಡು ರೊಟ್ಟಿ. ಒಲೆ ಆರುತ್ತ ಬಂದಾಗ ಅದೇ ಬಿಸಿಯಲ್ಲಿ ಬಾರ್ಲಿ ಗಂಜಿಯ ಮಡಕೆ.

ಆರ್ವಿ ಮರದ ದಿಮ್ಮಿ ತುಂಬುವ ಕೆಲಸಕ್ಕೆ ಹಿಂತಿರುಗಿದ. ಆ ಸೀಮೆಯಲ್ಲಿ ಓಟ್ಸ್ ಎಂದರೆ ಕುದುರೆಯ ಮೇವು. ಊಟದ ಹೊತ್ತಿಗೆ ಓಟ್ಸ್ ಗಂಜಿಯ ಡಬ್ಬಿ ತೆರೆದರೆ ಸಾಕು, ಪಕ್ಕದ ಮನೆಯ ತೌನೊ ತಲೆ ಎತ್ತಿ ಕುದುರೆಯಂತೆ ಕೆನೆಯುತ್ತಿದ್ದ.

"ಹಿಹಿಹೀ! ಏನೋ ಆರ್ವಿ, ಹೆಂಡ್ತಿ ಇನ್ನೂ ಲಾಳ ಹೊಡ್ಸಿಲ್ವಾ?"

ಉಳಿದವರು ಬೆರಳು ದಪ್ಪ ಬೆಣ್ಣೆ ಮೆತ್ತಿದ ರೊಟ್ಟಿಯನ್ನು ಕಚ್ಚುತ್ತ ಹೊಟ್ಟೆ ಹಿಡಿದು ನಗುತ್ತಿದ್ದರು. ಆರ್ವಿ ತಲೆ ತಗ್ಗಿಸಿ ಗಂಜಿ ಮುಗಿಸುತ್ತಿದ್ದ. ಮನೆಗೆ ಬಂದು ಸೈಮಿಗೆ ಹೇಳಿದರೆ ಅವಳ ಉತ್ತರ ಒಂದೇ: "ಕೆನೆಯೋರು ಕೆನೀಲಿ ಬಿಡು, ನೀನು ತಿನ್ನು."

ರೊಟ್ಟಿಯ ಉಪ್ಪನ್ನು ಸೈಮಿ ಜಾಣತನದಿಂದ ಇಳಿಸಿದಳು. ಒಮ್ಮೆಲೇ ಅಲ್ಲ, ಈ ತಿಂಗಳು ಒಂದು ಚಮಚ, ಮುಂದಿನ ತಿಂಗಳು ಇನ್ನೊಂದು. ವರ್ಷ ತುಂಬುವಷ್ಟರಲ್ಲಿ ಮುಕ್ಕಾಲು ಪಾಲು ಇಳಿದಿತ್ತು. ಆಶ್ಚರ್ಯವೆಂದರೆ ರುಚಿ ಎಳ್ಳಷ್ಟೂ ಕೆಡಲಿಲ್ಲ. ಇದೆಲ್ಲ ತನ್ನ ಕೈಗುಣ ಎಂದು ಸೈಮಿ ಒಳಗೊಳಗೇ ಉಬ್ಬಿದಳು. ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತು, ಉಪ್ಪಿಲ್ಲದೆಯೂ ರೊಟ್ಟಿ ರುಚಿಯಾಗುತ್ತದೆ, ನನ್ನನ್ನು ನೋಡಿ ಕಲಿಯಿರಿ ಎಂದು ಭಾಷಣವನ್ನೂ ಬಿಗಿದು ಬಂದಳು.

ಆದರೆ ಆರ್ವಿಯ ಬಿಪಿ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಸಿಸ್ಟರ್ ಪ್ರತಿ ಸಲವೂ ಅವನ ತೋಳಿಗೆ ಪಟ್ಟಿ ಸುತ್ತಿ, ಮುಖ ಸಣ್ಣಗೆ ಮಾಡಿಕೊಂಡು, "ಎಲ್ಲೋ ಉಪ್ಪು ಒಳಗೆ ಹೋಗ್ತಾ ಇದೆ ಸೈಮಿ," ಎನ್ನುತ್ತಿದ್ದಳು.

ಎಲ್ಲೋ ಎಂದರೆ ಎಲ್ಲಿ? ಸೈಮಿಗೆ ಅನುಮಾನ ಬಂದದ್ದು ಗಂಡನ ಮೇಲೆಯೇ. ಅವನ ಚೀಲ ಜಾಲಾಡಿದಳು, ಕೋಟಿನ ಜೇಬಿಗೆ ಕೈ ಹಾಕಿದಳು, ಉಗಿಸ್ನಾನದ ಸೌನಾ ಕೋಣೆಯ ಬೆಂಚಿನ ಕೆಳಗೂ ಬಗ್ಗಿ ನೋಡಿದಳು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಸಿಟ್ಟು ನೆತ್ತಿಗೇರಿತು.

"ತೌನೊ ಡಬ್ಬೀಲಿ ಉಪ್ಪುಮೀನು ತಿಂತಿದೀಯ. ಹೌದು ಅಂದ್ಬಿಡು."

"ಇಲ್ಲ ಅಂದ್ನಲ್ಲ."

"ಸುಳ್ಳ! ನಾನಿಲ್ಲಿ ನಿನ್ನ ಜೀವ ಹಿಡ್ಕೊಂಡು ಒದ್ದಾಡ್ತಿದೀನಿ, ನೀನು ಅಲ್ಲಿ ಕದ್ದು ತಿಂತೀಯ!"

ಆರ್ವಿ ಮೊದಲೇ ಮಾತು ಕಡಿಮೆ. ಅಂದಿನಿಂದ ಇದ್ದ ಮಾತೂ ನಿಂತಿತು. ಹತ್ತು ದಿನ ಒಂದೇ ಮೇಜಿನಲ್ಲಿ ಕೂತು, ಒಂದೇ ರೊಟ್ಟಿಯನ್ನು ಕೊಯ್ದು, ಇಬ್ಬರೂ ಕಿಟಕಿಯಾಚೆಯ ಹಿಮ ನೋಡುತ್ತ ಉಂಡರು. ಅತ್ತೆ ಲೋವಿಸಾ ಇಬ್ಬರ ಮುಖವನ್ನೂ ನೋಡದೆ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅದನ್ನಾದರೂ ಸೈಮಿ ಗಮನಿಸಬೇಕಿತ್ತು, ಗಮನಿಸಲಿಲ್ಲ.

ಹನ್ನೊಂದನೇ ದಿನ ಶುಕ್ರವಾರ. ಸೈಮಿ ಹಿಟ್ಟಿಗೆ ತನ್ನ ಚೂರು ಉಪ್ಪನ್ನು ಹಾಕಿ, ಬಾನಿಗೆ ಬಟ್ಟೆ ಮುಚ್ಚಿ, ಎಂದಿನಂತೆ ಹಾಲು ಕರೆಯಲು ಕೊಟ್ಟಿಗೆಗೆ ಹೋದಳು. ಅಲ್ಲಿ ನೋಡಿದರೆ ಹಾಲು ಸೋಸುವ ಬಟ್ಟೆ ಅಡುಗೆಮನೆಯಲ್ಲೇ ಉಳಿದಿತ್ತು. ಹಿಂತಿರುಗಿ ಬಾಗಿಲು ತೆರೆದಳು. ಅತ್ತೆ ಬಾನಿಯ ಮೇಲೆ ಬಾಗಿ ನಿಂತಿದ್ದಳು. ಬಟ್ಟೆ ಸರಿದಿತ್ತು. ಮುಷ್ಟಿಯಲ್ಲಿ ಕಲ್ಲುಪ್ಪು ತುಂಬಿತ್ತು.

"ಅತ್ತೆ!"

ಮುದುಕಿಯ ಕೈ ಬಾನಿಯ ಮೇಲೆಯೇ ನಿಂತಿತು. ಸೈಮಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು: ಕೆಡದ ರುಚಿ, ತನ್ನ ಕೈಗುಣ, ಸಂಘದ ಭಾಷಣ, ಹತ್ತು ದಿನದಿಂದ ಮಾತು ಬಿಟ್ಟ ಗಂಡ. ಬೈಗುಳ ಗಂಟಲವರೆಗೆ ಬಂದಿತ್ತು.

"ಎಷ್ಟು ದಿನದಿಂದ?" ಎಂದಳು.

"ಮೊದಲಿಂದ." ಲೋವಿಸಾ ಕೈ ಹಿಂದೆಗೆಯಲಿಲ್ಲ. "ನೀನು ಕಮ್ಮಿ ಮಾಡ್ದಷ್ಟೂ ನಾನು ಸೇರಿಸ್ದೆ."

"ಯಾಕತ್ತೆ? ಮಗ ಬೇಡ್ವಾ ನಿಮ್ಗೆ?"

"ನೀನು ಹೇಳೋದೇ ನಿಜ ಆದ್ರೆ," ಎಂದಳು ಮುದುಕಿ. "ಆ ಉಪ್ಪು, ಆ ಬೆಣ್ಣೇನೇ ಕೊಲ್ಲೋದು ಅಂತಾದ್ರೆ, ಹೆಯ್ಕಿನ ನಾನೇ ಕೊಂದಂಗಾಯ್ತಲ್ಲೇ. ಇಪ್ಪತ್ತೆರಡು ವರ್ಷ ಇದೇ ಬಾನಿ, ಇದೇ ಕೈ. ದೊಡ್ಡೋನಿಗೂ ನಾನೇ ತಿನ್ನಿಸ್ದೆ. ನೀನು ಸುಳ್ಳಾಗ್ಲಿ ಅಂತ ಹಾಕ್ತಾ ಇದ್ದೆ ಕಣೇ. ನೀನು ಸುಳ್ಳಾಗ್ಲಿ ಅಂತ."

ಬಂದಿದ್ದ ಬೈಗುಳ ಸೈಮಿಯ ಬಾಯಲ್ಲೇ ಕರಗಿತು. ಅವಳು ಹೋಗಿ ಅತ್ತೆಯ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಗೆ ಆಗ ಯಾವ ಸಿಸ್ಟರ್ ಬಂದು ಹೇಳಿದ್ಲು ಅತ್ತೆ? ಹಿಮದಲ್ಲಿ ಮರ ಕೊಯ್ಯೋ ಗಂಡಂಗೆ ಇದ್ದದ್ರಲ್ಲಿ ಒಳ್ಳೇದನ್ನೇ ಬಡಿಸಿದ್ರಿ. ಅದು ಕೊಲೆ ಅಲ್ಲ, ಪ್ರೀತಿ. ಆದ್ರೆ ಇವತ್ತು ನಮಗೆ ಗೊತ್ತಲ್ವಾ? ಉಳಿದಿರೋನು ಇವನೊಬ್ನೇ, ನಿಮ್ಗೂ ನಂಗೂ."

ಲೋವಿಸಾ ಬಹಳ ಹೊತ್ತು ಅತ್ತಳು. ಕೊನೆಗೆ ಉಪ್ಪನ್ನು ಡಬ್ಬಿಗೆ ಉದುರಿಸಿ, ಅಂಗೈಯನ್ನು ಸೊಂಟಕ್ಕೆ ಕಟ್ಟಿದ ಅಡುಗೆ ಬಟ್ಟೆಗೆ ಒರೆಸಿಕೊಂಡು, ಬಾನಿಯ ಹಿಟ್ಟನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು ಮುಖ ಸಿಂಡರಿಸಿದಳು.

"ಥೂ, ಸಪ್ಪೆ. ಇದು ಉಪ್ಪು ಕಮ್ಮಿಯಾಗಿ ಅಲ್ಲ, ನಿನ್ನ ಅವಸರಕ್ಕೆ. ಯುದ್ಧದ ಚಳಿಗಾಲ ಒಂದ್ಸಲ ಅಂಗಡಿಗೆ ಉಪ್ಪೇ ಬರ್ಲಿಲ್ಲ, ಆಗ ನಾವೇನು ಉಪವಾಸ ಇದ್ವಾ? ಸೋಮವಾರವೇ ಹೆಪ್ಪು ಎಬ್ಬಿಸ್ಬೇಕು. ದಿನಾ ಒಂದ್ಹಿಡಿ ಹಿಟ್ಟು ಕೊಟ್ಟು, ಒಲೆ ಪಕ್ಕ ಬೆಚ್ಚಗೆ ಇಟ್ಟು, ಮೂಗಿಗೆ ಹೊಡೆಯೋ ಹಾಗೆ ಹುಳಿ ಏರಿಸ್ಬೇಕು. ಹುಳಿ ಏರಿದ್ರೆ ನಾಲಿಗೆ ಉಪ್ಪು ಕೇಳಲ್ಲ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ನೀನು ಕೇಳಿದ್ಯಾ? ಸಂಘದಲ್ಲಿ ಭಾಷಣ ಮಾಡ್ತಿದ್ದೆ."

ಸೈಮಿಗೆ ಅಳುವಿನ ನಡುವೆಯೇ ನಗು ಬಂತು. ಅಂದು ಸಂಜೆ ಆರ್ವಿ ಬಾಗಿಲಲ್ಲಿ ಬೂಟು ಕಳಚುವಷ್ಟರಲ್ಲೇ ಅವನ ಮುಂದೆ ನಿಂತು, "ತಪ್ಪು ನಂದು, ನೀನು ಕದ್ದು ತಿಂದಿಲ್ಲ," ಎಂದಳು. ಅವನು ಇನ್ನೊಂದು ಬೂಟನ್ನೂ ಕಳಚಿದ. "ಗೊತ್ತು," ಎಂದು ಊಟಕ್ಕೆ ಕೂತ.

ಮುಂದಿನ ವಾರದಿಂದ ಬಾನಿ ಇಬ್ಬರ ಕೈಗೆ ಬಂತು. ಹಿಟ್ಟಿನ ವಾಸನೆ ನೋಡುವವಳು ಅತ್ತೆ, ನಾದುವವಳು ಸೊಸೆ. ಹೊಸ ರೊಟ್ಟಿ ಕಪ್ಪಗೆ, ಒತ್ತಾಗಿ, ಬಾಯಿಗಿಟ್ಟರೆ ಕಿವಿಯ ಹಿಂದೆ ಜುಮ್ಮೆನ್ನುವಷ್ಟು ಹುಳಿಯಾಗಿ ಬಂತು. ಅದರ ಮೇಲೆ ಬೆಣ್ಣೆಯ ಬದಲು ಕಾಡಿನ ಕೆಂಪು ಹುಳಿಹಣ್ಣನ್ನು ಅರೆದು ಹಚ್ಚಿದರು. ಮೂರು ತಿಂಗಳಿಗೆ ಸಿಸ್ಟರ್ ಆರ್ವಿಯ ತೋಳಿನ ಪಟ್ಟಿಯನ್ನು ಬಿಚ್ಚಿ ಮತ್ತೊಮ್ಮೆ ಸುತ್ತಿದಳು, ಯಂತ್ರ ಕೆಟ್ಟಿದೆಯೇನೋ ಎಂದು. ಯಂತ್ರ ಸರಿಯಾಗಿಯೇ ಇತ್ತು, ಇಳಿದದ್ದು ಬಿಪಿ.

ಅಪ್ಪನ ನಲವತ್ತಾರು ದಾಟಿತು. ಆ ವರ್ಷವಿಡೀ ಮನೆಯಲ್ಲಿ ಯಾರೂ ವಯಸ್ಸಿನ ಮಾತೆತ್ತಲಿಲ್ಲ. ಅಜ್ಜನ ನಲವತ್ತೆಂಟೂ ದಾಟಿತು.

೧೯೭೮ರ ಅಕ್ಟೋಬರಿನ ಒಂದು ಶನಿವಾರ ಕಾರ್ನಾ ಮನೆಯ ದೊಡ್ಡ ಕಾಫಿ ಪಾತ್ರೆ ಒಲೆಯೇರಿತು. ಬೆಳಿಗ್ಗೆ ಹತ್ತಕ್ಕೇ ಅಂಗಳದ ತುಂಬ ಸೈಕಲ್ಲು, ಟ್ರ್ಯಾಕ್ಟರು, ಕಾರು. ಮೇಜಿನ ಮೇಲೆ ರೈ ರೊಟ್ಟಿಯ ಗೋಪುರ, ಬಾರ್ಲಿಯ ತೆಳು ರೊಟ್ಟಿ, ಹೊಗೆ ಹಾಕಿದ ಸಣ್ಣ ಮೀನು, ಬೀಟ್‌ರೂಟು, ಹಣ್ಣಿನ ಗೊಜ್ಜು. ಬಂದವರೆಲ್ಲ ಆರ್ವಿಯ ಕೈಯನ್ನು ಬಿಡದೆ ಕುಲುಕಿದರು, ನಿಜವಾಗಿ ಇದ್ದಾನೆಯೇ ಎಂದು ಪರೀಕ್ಷಿಸುವವರಂತೆ. ಸೈಮಿಯ ಮುಖ ಒಲೆಗಿಂತ ಹೆಚ್ಚು ಬೆಳಗುತ್ತಿತ್ತು. ಗೆದ್ದಿದ್ದಳು, ಗೆದ್ದೆನೆಂದು ಅವಳಿಗೂ ಗೊತ್ತಿತ್ತು.

ತೌನೊ ರೊಟ್ಟಿ ಕೈಗೆತ್ತಿಕೊಂಡು ಮೇಜನ್ನೆಲ್ಲ ಹುಡುಕಿದ. "ಬೆಣ್ಣೆ ಎಲ್ಲಿ?"

"ಕೊಟ್ಟಿಗೇಲಿ ಹಸು ಹತ್ರ ಇದೆ, ಹೋಗಿ ಕೇಳು," ಎಂದಳು ಲೋವಿಸಾ.

ತೌನೊ ಹಾಗೆಯೇ ತಿಂದ. ಇನ್ನೊಂದು ತುಂಡು ತಿಂದ. ಮೂರನೆಯದನ್ನು ಅಗಿಯುತ್ತ ಸೈಮಿಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಸಿಸ್ಟರ್ ಹೋದ ವಾರ ನನ್ನ ತೋಳಿಗೂ ಪಟ್ಟಿ ಸುತ್ತಿದ್ಲು. ಒಳ್ಳೇದೇನೂ ಹೇಳ್ಲಿಲ್ಲ. ಈ ಹೆಪ್ಪು ಒಂಚೂರು ನಮ್ಮನೆಯವಳಿಗೆ ಕೊಡ್ತೀಯೇನಮ್ಮಾ?"

ಸೈಮಿ ಅತ್ತೆಯ ಕಡೆ ನೋಡಿದಳು. ಆ ಬಾನಿಯ ಹೆಪ್ಪು ಅತ್ತೆಯಿಂದ ಸೊಸೆಗೆ ಹೋಗಿತ್ತೇ ಹೊರತು ಹೊಸ್ತಿಲು ದಾಟಿರಲಿಲ್ಲ.

"ಕೊಡೋಣ," ಎಂದಳು ಲೋವಿಸಾ ಎಲ್ಲರಿಗೂ ಕೇಳುವಂತೆ. "ಮೊದಲು ಒಂದ್ಸಲ ಕುದುರೆ ಥರ ಕೂಗು ತೌನೊ. ಈ ಮನೇಲಿ ಇನ್ನೂ ಯಾರೂ ಕೇಳಿಲ್ಲ."

ತೌನೊ ಕಿವಿಯವರೆಗೆ ಕೆಂಪಾದ. ಆಮೇಲೆ ತಲೆ ಎತ್ತಿ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೆನೆದ. ಕಾಫಿ ಕಪ್ಪುಗಳು ಅಲುಗಾಡುವಷ್ಟು ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಆರ್ವಿ.

ಸಂಜೆ ಜನ ಹೋದ ಮೇಲೆ ಅವನು ಗೋಡೆಯ ಮೇಲಿನ ಅಪ್ಪನ ಫೋಟೋದ ಕೆಳಗೆ ಕೂತು ಕಾಫಿಯ ಕೊನೆಯ ಗುಟುಕು ಕುಡಿಯುತ್ತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು, ಕಣ್ಣಿನ ಅಂಚಿನಲ್ಲಿ ಗೆರೆ ಬಿದ್ದಿತ್ತು. ಲೋವಿಸಾ ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು. ಫೋಟೋ ನೋಡಿದಳು, ಮಗನನ್ನು ನೋಡಿದಳು.

"ಏನಮ್ಮಾ?" ಎಂದ ಆರ್ವಿ.

"ಏನಿಲ್ಲಪ್ಪ. ವಯಸ್ಸಾಗಿದ್ರೆ ನಿಮ್ಮಪ್ಪ ಹೇಗೆ ಕಾಣ್ತಿದ್ರು ಅಂತ ಇವತ್ತು ನೋಡ್ದೆ," ಎಂದು ಅವಳು ಸೈಮಿಯ ಕಡೆ ತಿರುಗಿದಳು. "ಏಳೇ, ಸೋಮವಾರದ ಹೆಪ್ಪಿಗೆ ಹಿಟ್ಟು ಜರಡಿ ಹಿಡಿಯೋಣ. ಇವ್ನು ಅರವತ್ತು ಮುಟ್ಟಬೇಕು."